ನಾಲ್ಕು ದಾರಿ ಕೂಡುವಲ್ಲಿ ಕೂತವನು

ಅಜ್ಜಿಯರು ಹೇಳುವ ಕಥೆಗಳಲ್ಲಿ ನಾಲ್ಕು ದಾರಿ ಕೂಡುವಲ್ಲಿ ಯಾರಾದರೊಬ್ಬರು ಕೂತೇ ಇರುತ್ತಾರೆ. ಒಮ್ಮೆ ಹಲ್ಲಿಲ್ಲದ ಮುದುಕಿ, ಒಮ್ಮೆ ಜಡೆಗಟ್ಟಿದ ಜೋಗಿ, ಒಮ್ಮೆ ಪ್ರಶ್ನೆ ಕೇಳುವ ರಾಕ್ಷಸ. ದಾರಿಹೋಕ ಅಲ್ಲಿ ನಿಲ್ಲಬೇಕು, ಕೇಳಿದ್ದಕ್ಕೆ ಉತ್ತರ ಹೇಳಬೇಕು, ಆಮೇಲೆ ಮುಂದೆ ಹೋಗಬೇಕು.

ಗಬ್ಬೂರು ದಾಟಿ ದೇವದುರ್ಗದ ಕಡೆಗೆ ಎರಡು ಹರದಾರಿ ಹೋದರೆ ಬೂದಿಗುಡ್ಡದ ದೊಡ್ಡಿ. ಹನ್ನೆರಡು ಮನೆ, ಮುನ್ನೂರು ಕುರಿ, ಒಂದು ಕೈಪಂಪು. ದೊಡ್ಡಿಯ ಮುಂದೆ ರಾಯಚೂರು–ದೇವದುರ್ಗದ ಡಾಂಬರು ರಸ್ತೆ. ಅದರ ಆಚೆ ದಂಡೆಗೆ ಮಾನ್ವಿ ಕಡೆಯಿಂದ ಬರುವ ಬಂಡಿದಾರಿ ಬಂದು ಸೇರುತ್ತದೆ, ಈಚೆ ದಂಡೆಯಿಂದ ದೊಡ್ಡಿಯ ಕಾಲುದಾರಿ. ಹೀಗೆ ನಾಲ್ಕು ದಾರಿ. ಅಲ್ಲಿಯೂ ಒಬ್ಬ ಕೂತಿದ್ದಾನೆ ಅಂತ ದೊಡ್ಡಿಯ ಜನ ಹೇಳುತ್ತಿದ್ದರು. ಅವನ ಹೆಸರು ಹನುಮಂತ್ರಾಯ. ಅವನು ಬಂಡೆಮ್ಮನ ಗಂಡ.

ಎಪ್ಪತ್ತೊಂಬತ್ತನೇ ಇಸವಿಯ ಶ್ರಾವಣದಲ್ಲಿ, ಜಿಟಿಜಿಟಿ ಮಳೆ ಹಿಡಿದ ಒಂದು ಸಂಜೆ, ಹನುಮಂತ್ರಾಯ ಹೊಲದಿಂದ ಬಂಡಿ ಹೊಡೆದುಕೊಂಡು ಮನೆಗೆ ಬರುತ್ತಿದ್ದ. ರಾಯಚೂರು ಕಡೆಯಿಂದ ಬಂದ ಹತ್ತಿ ಲಾರಿ ಕೂಡುದಾರಿಯಲ್ಲಿ ಬಂಡಿಗೆ ಬಡಿಯಿತು. ಒಂದು ಎತ್ತು ಅಲ್ಲೇ ಸತ್ತಿತು. ಇನ್ನೊಂದು ಎತ್ತು ನೊಗ ಮುರಿದುಕೊಂಡು ಒಂಟಿಯಾಗಿ ದೊಡ್ಡಿಗೆ ಬಂದು ಬಂಡೆಮ್ಮನ ಬಾಗಿಲ ಮುಂದೆ ನಿಂತಿತು. ಅದರ ಕೊರಳ ಗಂಟೆ ಕೇಳಿ ಅವಳು ಹಿಟ್ಟಿನ ಕೈಯಲ್ಲೇ ಓಡಿದಳು.

ಸತ್ತವರು ಸತ್ತ ಜಾಗದಲ್ಲಿ ಒಂದು ಕಟ್ಟೆ ಕಟ್ಟುವುದು, ಅದರ ಮೇಲೊಂದು ಗಿಡ ಹಚ್ಚುವುದು ಅವರ ಮನೆತನದ ಪದ್ಧತಿ. ಬಂಡಿದಾರಿಗೂ ಡಾಂಬರು ರಸ್ತೆಗೂ ನಡುವೆ ಸಿಕ್ಕಿಕೊಂಡ ಮೂಲೆ ಅವರದೇ ಹೊಲದ ತುದಿ. ರಸ್ತೆ ಮಾಡುವಾಗ ಹೊಲ ತುಂಡಾಗಿ, ಅರ್ಧ ತೆರೆದ ಕತ್ತರಿಯ ಬಾಯಿಯ ಹಾಗೆ ಉಳಿದುಕೊಂಡ ಜಾಗ. ಬಂಡೆಮ್ಮ ತಲೆಯ ಮೇಲೆ ಕಲ್ಲು ಹೊತ್ತು ತಂದು ಅಲ್ಲಿ ಕಟ್ಟೆ ಕಟ್ಟಿಸಿದಳು. ಬೇವಿನ ಸಸಿ ಇಟ್ಟಳು. ಕುರಿ ಮೇಯದಿರಲಿ ಎಂದು ಸುತ್ತ ಬಳ್ಳಾರಿ ಜಾಲಿಯ ಬೇಲಿ ಹಚ್ಚಿದಳು. ಮಗಳು ಆದೆಮ್ಮನಿಗೆ ಆಗ ಒಂಬತ್ತು ವರ್ಷ. ದಿನಾ ಒಂದು ಚಂಬು ನೀರು ತಂದು ಸಸಿಗೆ ಹಾಕುವುದು ಅವಳ ಕೆಲಸ. "ಯಪ್ಪಾ, ನೀರು ಕುಡಿ" ಅಂತ ಹೇಳಿ ಹಾಕುತ್ತಿದ್ದಳು.

ಸಸಿ ಗಿಡವಾಯಿತು. ಜಾಲಿ ಅದಕ್ಕಿಂತ ಜೋರಾಗಿ ಬೆಳೆದು ಬಂಡಿಯ ಮೇಲೆ ಕೂತವನ ತಲೆಯನ್ನೂ ಮೀರಿತು. ಮೊದಮೊದಲು ಜನ ಆ ಕಟ್ಟೆಗೆ ಕೈ ಮುಗಿದು ದಾಟುತ್ತಿದ್ದರು. ಹನುಮಂತ್ರಾಯ ನಮ್ಮನ್ನು ಕಾಯುತ್ತಾನೆ ಅನ್ನುತ್ತಿದ್ದರು.

ಎಂಬತ್ತೆರಡರಲ್ಲಿ, ಕಟ್ಟಿದ ಮೋಡವಿಲ್ಲ, ಮಳೆಯಿಲ್ಲ, ಬೆಳ್ಳನೆಯ ಬಿಸಿಲು, ಅದೇ ಜಾಗದಲ್ಲಿ ಲಾರಿ ಬಡಿದು ತಾಯಪ್ಪ ಸತ್ತ. ತಾಯಪ್ಪ ನೆರೆಮನೆಯ ದುರುಗಮ್ಮನ ಒಬ್ಬನೇ ಮಗ. ಮದುವೆಯಾಗಿ ನಾಲ್ಕು ತಿಂಗಳು. ಮಾನ್ವಿಯಿಂದ ಬಂಡಿಯಲ್ಲಿ ಶೇಂಗಾ ಬೀಜ ಹೇರಿಕೊಂಡು ಬರುತ್ತಿದ್ದ.

ಅವತ್ತಿನಿಂದ ಮಾತು ತಿರುಗಿತು. "ಹನುಮಂತ್ರಾಯಗ ಒಬ್ಬನ ಇರಾಕ ಬ್ಯಾಸರಾಗೇದ. ಜೋಡಿ ಹುಡುಕಾಕತ್ತಾನ" ಅಂದರು. ಅಮಾವಾಸ್ಯೆ ಬಂದರೆ ಕಟ್ಟೆಯ ಸುತ್ತ ಕೊಯ್ದ ನಿಂಬೆಹಣ್ಣು, ಕುಂಕುಮ ಕಲಸಿದ ಅನ್ನ, ಒಡೆದ ಗಡಿಗೆ. ಮಾರನೆಯ ಬೆಳಗ್ಗೆ ಬಂಡೆಮ್ಮ ಕಸಬರಿಗೆ ತಗೊಂಡು ಹೋಗಿ ಅದನ್ನೆಲ್ಲ ಬಳಿಯುತ್ತಿದ್ದಳು. ಬದುಕಿರುವಾಗ ಒಂದು ಇರುವೆ ತುಳಿದರೆ ನೊಂದುಕೊಳ್ಳುತ್ತಿದ್ದ ಮನುಷ್ಯ. ಅವನ ಹೆಸರಿಗೆ ಹೆದರಿ ಮಕ್ಕಳು ಈಗ ಓಡಿ ಹೋಗುತ್ತಿದ್ದವು.

ಎಲ್ಲಕ್ಕಿಂತ ದುಃಖದ್ದು ದುರುಗಮ್ಮನ ಮೌನ. ಇಬ್ಬರೂ ಒಂದೇ ವರ್ಷ ಸೊಸೆಯಾಗಿ ದೊಡ್ಡಿಗೆ ಬಂದವರು. ಒಂದೇ ಬೀಸುವ ಕಲ್ಲಿಗೆ ಎದುರುಬದುರು ಕೂತು, ಒಂದೇ ಗೂಟ ಹಿಡಿದು ಜೋಳ ಬೀಸಿದವರು. ತಾಯಪ್ಪನನ್ನು ಮಣ್ಣು ಮಾಡಿ ಬಂದ ದಿನ ದುರುಗಮ್ಮ ಅಂಗಳದಲ್ಲಿ ನಿಂತು ಒಂದು ಮಾತು ಹೇಳಿದ್ದಳು: "ನಿನ್ನ ಗಂಡ ನನ್ನ ಮಗನ್ನ ಕರಕೊಂಡ ಬೇ." ಆಮೇಲೆ ಒಂದು ವರ್ಷ ಮಾತಿಲ್ಲ. ಬಂಡೆಮ್ಮ ಕೈಪಂಪಿನ ಹತ್ತಿರ ಇದ್ದರೆ ಅವಳು ಕೊಡ ಇಟ್ಟು ಗೋಡೆಯ ನೆರಳಿಗೆ ಸರಿದು ನಿಲ್ಲುತ್ತಿದ್ದಳು.

ಬಂಡೆಮ್ಮನಿಗೆ ಬೇಕಾದದ್ದು ಒಂದೇ. ತನ್ನ ಗಂಡ ದೆವ್ವ ಅಲ್ಲ ಅಂತ ಯಾರಾದರೂ ಹೇಳಬೇಕು. ಅದನ್ನು ದುರುಗಮ್ಮ ಕೇಳಬೇಕು.

ಎಂಬತ್ತಮೂರರ ಬೇಸಿಗೆಯಲ್ಲಿ ರಸ್ತೆ ಗ್ಯಾಂಗಿನವರು ಬಂದರು. ಅವರ ಮೇಸ್ತ್ರಿ ಜಿಲಾನಿ ಪಾಷಾ, ಮಾನ್ವಿಯವನು. ಬಿಳಿ ಗಡ್ಡ, ಬಣ್ಣ ಹೋದ ಕರಿ ಕೊಡೆ, ಕಂಕುಳಲ್ಲಿ ಸುತ್ತಿದ ಕೆಂಪು ನಿಶಾನೆ. ಮೂವತ್ತು ವರ್ಷ ರಸ್ತೆಯ ಮೇಲೆ ಬೆಂದವನು. ಅವನು ಎರಡು ದಿನ ಕೂಡುದಾರಿಯಲ್ಲಿ ಹೆಜ್ಜೆ ಎಣಿಸುತ್ತಾ, ಹಗ್ಗ ಹಿಡಿಯುತ್ತಾ, ಬಗ್ಗಿ ನೋಡುತ್ತಾ ಅಡ್ಡಾಡಿದ. ಮೂರನೇ ದಿನ ಬಂಡೆಮ್ಮನ ಮನೆಗೇ ಬಂದ. ಹನುಮಂತ್ರಾಯನ ತಮ್ಮ ಸಾಬಣ್ಣ ಹೊರಸಿನ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ.

"ಅಸ್ಸಲಾಮ್ ಅನ್ನಲೋ, ಶರಣು ಅನ್ನಲೋ?" ಅಂದ ಮೇಸ್ತ್ರಿ.

"ನೀರು ಕುಡಿತೀನಿ ಅನ್ರಿ, ಮೊದಲ ಅದನ್ನ ಕೊಡ್ತೀವಿ" ಅಂದ ಸಾಬಣ್ಣ. "ಯಾಕ್ರಿ ಮೇಸ್ತ್ರಿ, ಎರಡು ದಿನದಿಂದ ನಮ್ಮ ಕೂಟಿನಾಗ ಹೆಜ್ಜಿ ಹಾಕಾಕತ್ತೀರಲ್ಲ, ಕುಣಿಯಾಕ ಕಲಿತೀರೇನು?"

"ವಯಸ್ಸು ಆತು ಸಾಬಣ್ಣ, ಕುಣಿಸೋರಿಲ್ಲ" ಅಂತ ನಕ್ಕು ಮೇಸ್ತ್ರಿ ನೀರು ಕುಡಿದ. ಆಮೇಲೆ ನಗು ಬಿಟ್ಟು ಹೇಳಿದ: "ಇಂಜಿನಿಯರ್ ಸಾಹೇಬರು ಈ ಕೂಟು ಬದಲಿ ಮಾಡಬೇಕಂತ ಹೇಳ್ಯಾರ. ಬಂಡಿದಾರಿ ಓರೆ ಬಂದು ಕೂಡ್ತದ. ಅದನ್ನ ಜರಾ ತಿರುವಿ ನೆಟ್ಟಗ ತರಬೇಕು. ಅದಕ್ಕ ನಿಮ್ಮ ಹೊಲದಾಗ ಎರಡು ಗುಂಟೆ ಬೇಕಾಗ್ತದ. ಮೂಲ್ಯಾಗಿನ ಬೇಲಿ, ಕಟ್ಟಿ, ಗಿಡ, ಮೂರೂ ತೆಗೀಬೇಕು."

ಸಾಬಣ್ಣನ ಕೈಯಲ್ಲಿನ ಹಗ್ಗ ನಿಂತಿತು. "ಕಟ್ಟಿ ತೆಗೀಬೇಕಾ? ಅದು ನಮ್ಮಣ್ಣ ರೀ! ದೆವ್ವ ಕೂತ ಜಾಗ ಅಗದ್ರ ಇನ್ನಷ್ಟು ಜನ ಸಾಯ್ತಾರ. ನಿಮ್ಮ ಇಂಜಿನಿಯರಗ ಏನು ತಿಳೀತದ ನಮ್ಮ ದೊಡ್ಡಿ ಸುದ್ದಿ?"

"ದೆವ್ವ ಅಂತ ನೀನೂ ಅಂತೀಯಾ ಸಾಬಣ್ಣ?" ಅಂದಳು ಬಂಡೆಮ್ಮ. ಸಾಬಣ್ಣ ತಲೆ ತಗ್ಗಿಸಿದ.

ಮೇಸ್ತ್ರಿ ಅವಳ ಮುಖ ನೋಡಿದ. "ಅಕ್ಕಾ, ಅಲ್ಲಿ ದೆವ್ವ ಇಲ್ಲ. ನಾ ತೋರಸ್ತೀನಿ. ಒಂದು ಬಂಡಿ ಹೂಡ್ರಿ. ನೀನೂ ಬಾ."

ಹೊರಡುವಾಗ ಮೇಸ್ತ್ರಿ ಮೆತ್ತಗೆ ಕೇಳಿದ: "ಅವತ್ತು ಮಳಿ ಇತ್ತಲ್ಲ? ಕಂಬಳಿ ಕೊಪ್ಪಿ ಹಾಕಿದ್ದನೇನು ನಿನ್ನ ಗಂಡ?"

ಕುರಿ ಕಾಯುವವರಿಗೆ ಮಳೆಯಲ್ಲಿ ಮತ್ತೇನಿದೆ? ಕಂಬಳಿಯ ಮೂಲೆ ಮಡಚಿ ತಲೆಯ ಮೇಲೆ ಕೊಪ್ಪೆಯಾಗಿ ಹಾಕಿಕೊಂಡರೆ ಬೆನ್ನು, ಕಿವಿ, ಕೆನ್ನೆ ಎಲ್ಲ ಬೆಚ್ಚಗೆ. ಬಂಡೆಮ್ಮ ಒಳಗೆ ಹೋಗಿ ಗಳುವಿನ ಮೇಲಿದ್ದ ಕಂಬಳಿ ತಂದಳು. ಲಾರಿ ಬಡಿದ ದಿನ ಅವನ ಮೈಮೇಲಿದ್ದದ್ದು. ನಾಲ್ಕು ವರ್ಷ ಯಾರೂ ಹೊದ್ದಿರಲಿಲ್ಲ.

ಸಾಬಣ್ಣ ಎತ್ತು ಹೂಡಿದ. ಬಂಡೆಮ್ಮ ಗಂಡ ಕೂರುತ್ತಿದ್ದ ಜಾಗದಲ್ಲಿ, ಬಂಡಿಯ ಮುಂದಿನ ತುದಿಗೆ ಕೂತಳು. ಬಂಡಿದಾರಿಯಲ್ಲಿ ಒಂದಷ್ಟು ಹಿಂದಕ್ಕೆ ಹೋಗಿ, ತಿರುಗಿ ಕೂಡುದಾರಿಯ ಕಡೆಗೆ ಬಂದರು. ಡಾಂಬರಿಗೆ ಒಂದು ಮಾರು ಇರುವಾಗ ಮೇಸ್ತ್ರಿ ಬಂಡಿ ನಿಲ್ಲಿಸಿದ. ತಾನು ನಿಶಾನೆ ಹಿಡಿದು ಡಾಂಬರು ರಸ್ತೆಯ ಮೇಲೆ ರಾಯಚೂರು ದಿಕ್ಕಿಗೆ ದೂರ ನಡೆದುಹೋದ.

"ನಾ ಈಗ ಲಾರಿ" ಅಂತ ಕೂಗಿದ. "ನಿಶಾನಿ ಬೀಸಿಕೋತ ಬರ್ತೀನಿ. ಕಂಡ ಕೂಡ್ಲೆ ಹೇಳ್ರಿ!"

ಬಂಡೆಮ್ಮ ನೋಡಿದಳು. ಜಾಲಿಯ ಹಸಿರು ಕಂಡಿತು. ಬೇವಿನ ಗಿಡ ಕಂಡಿತು. ಸಾಬಣ್ಣ ಎದ್ದು ನಿಂತು ಇಣುಕಿದ. ಏನೂ ಇಲ್ಲ. ದೂರದಿಂದ ಮೇಸ್ತ್ರಿಯ ದನಿ ಮಾತ್ರ "ಬಂದೆ, ಬಂದೆ" ಅನ್ನುತ್ತಿತ್ತು. ಕೊನೆಗೆ ಕೆಂಪು ಬಟ್ಟೆ ಜಾಲಿಯ ಮರೆಯಿಂದ ತಟ್ಟನೆ ಹೊರಬಿದ್ದಾಗ ಇಬ್ಬರೂ ಒಟ್ಟಿಗೆ "ಬಂತು!" ಅಂದರು. ಮೇಸ್ತ್ರಿ ನಿಂತ ಜಾಗದಲ್ಲೇ ನಿಂತು ರಸ್ತೆ ಬದಿಯ ಕರೆಂಟಿನ ಕಂಬ ತೋರಿಸಿದ.

"ನೋಡ್ರಿ, ಬಂಡಿಯಿಂದ ಒಂದೇ ಕಂಬದ ದೂರ. ಅಷ್ಟು ಹತ್ತಿರ ಬಂದ ಮ್ಯಾಲ ನಿಮಗ ಕಂಡಿತು. ಲಾರಿ ಡ್ರೈವರಗೂ ನೀವು ಆಗಲೇ ಕಂಡದ್ದು."

"ಒಂದು ಕಂಬ ಕಡಿಮಿ ಏನ್ರಿ?" ಅಂದ ಸಾಬಣ್ಣ. "ಮೂವತ್ತು ಮಾರು ಹತ್ರ ಹತ್ರ ಇರ್ತದ."

"ಬಾ, ಎಣಿಸೋಣ."

ಗಬ್ಬೂರು ಕಡೆಯ ಏರಿನ ಮೇಲೆ ಒಂದು ಲಾರಿ ಕಂಡಿತು. ಮೂವರೂ ದಂಡೆಗೆ ನಿಂತರು. ಲಾರಿ ಒಂದು ಕಂಬ ದಾಟಿದ ಕೂಡಲೆ ಮೇಸ್ತ್ರಿ ಎಣಿಸತೊಡಗಿದ. ಒಂದು, ಎರಡು, ಮೂರು, ನಾಲ್ಕು. ಅಷ್ಟರಲ್ಲಿ ಲಾರಿ ಮುಂದಿನ ಕಂಬ ದಾಟಿ, ಅವರ ಮುಖಕ್ಕೆ ಧೂಳು ಎರಚಿ ಹೋಯಿತು.

"ಈಗ ನಿನ್ನ ಎತ್ತು ದಾಟಿಸು ಸಾಬಣ್ಣ. ದಿನಾ ಹ್ಯಾಂಗ ದಾಟ್ತೀರಿ ಹಂಗ."

ಎರಡೂ ದಿಕ್ಕು ನೋಡಿ ಸಾಬಣ್ಣ ಬಂಡಿ ಹೊಡೆದ. ಬಂಡಿದಾರಿ ಓರೆಯಾಗಿ ಸೇರಿದ್ದರಿಂದ ಬಂಡಿಯೂ ಡಾಂಬರಿನ ಮೇಲೆ ಓರೆಯಾಗಿಯೇ ತೆವಳಿತು. ಬಂಡೆಮ್ಮ ಬೆರಳು ಮಡಚಿ ಎಣಿಸಿದಳು. ಎರಡೂ ಕೈ ಮುಗಿದವು. ಮತ್ತೆ ಮೊದಲಿನಿಂದ ಹಿಡಿದಳು. ಹಿಂದಿನ ಗಾಲಿ ಡಾಂಬರು ಬಿಟ್ಟಾಗ ಎಣಿಕೆ ಹದಿನಾರು.

ಅವಳು ತನ್ನ ಬೆರಳುಗಳನ್ನೇ ನೋಡುತ್ತ ನಿಂತಳು. ಲಾರಿಗೆ ನಾಲ್ಕು. ಬಂಡಿಗೆ ಹದಿನಾರು.

"ತಿಳೀತಲ್ಲಕ್ಕಾ" ಅಂದ ಮೇಸ್ತ್ರಿ. "ಬಂಡಿ ದಾಟಿ ಮುಗಿಸಬೇಕಂದ್ರ ನಾಲ್ಕು ಕಂಬದ ದೂರ ಕಾಣಲೇಬೇಕು. ಐದು ಕಂಡ್ರ ಛಲೋ. ನಿಮಗ ಕಾಣೋದು ಒಂದು. ಡ್ರೈವರ್ ಕುಡಿದಿರಬೇಕಂತಿಲ್ಲ, ಎತ್ತು ಬೆದರಬೇಕಂತಿಲ್ಲ. ಎಲ್ಲಾರೂ ಸರಿಯಾಗಿ ಇದ್ರೂ ಇಲ್ಲಿ ಸಾಯ್ತಾರ. ಜಾಗಾನೇ ಹಂಗದ."

"ಅಂದ್ರ ನಮ್ಮಣ್ಣ..." ಅಂದ ಸಾಬಣ್ಣ.

"ಅವತ್ತು ಬೇಲಿ ಇರಲಿಲ್ಲ. ಕೊಪ್ಪಿ ಇತ್ತು" ಅಂದ ಮೇಸ್ತ್ರಿ. "ಅಕ್ಕಾ, ಬ್ಯಾಸರ ಮಾಡಿಕೊಬ್ಯಾಡ. ಒಂದು ಸಲ ಹಾಕ್ಕೊಂಡು ನೋಡು."

ಬಂಡಿಯನ್ನು ಮತ್ತೆ ಹಳೆ ಜಾಗಕ್ಕೆ ತಂದರು. ಬಂಡೆಮ್ಮ ಗಂಡನ ಕಂಬಳಿ ತಲೆಯ ಮೇಲೆ ಕೊಪ್ಪೆ ಹಾಕಿದಳು. ಹಳೆ ಉಣ್ಣೆಯ ವಾಸನೆ ಬಂತು. ಮುಂದೆ ಎತ್ತಿನ ಬಾಲ, ಒಂದು ಗೇಣು ದಾರಿ. ಅಷ್ಟೇ ಕಂಡದ್ದು. ಬಲಕ್ಕೆ ಕಂಬಳಿ, ಎಡಕ್ಕೆ ಕಂಬಳಿ. ಓರೆ ದಾರಿಯಾದ್ದರಿಂದ ರಾಯಚೂರಿನ ಲಾರಿ ಎದುರಿಗಾಗಲಿ ಪಕ್ಕದಿಂದಾಗಲಿ ಬರುವುದಿಲ್ಲ, ಬಲಭುಜದ ಹಿಂದಿನಿಂದ ಬರುತ್ತದೆ. ಕಾಣಬೇಕೆಂದರೆ ಕೊಪ್ಪೆ ತೆಗೆದು ಪೂರಾ ತಿರುಗಬೇಕು. ಇನ್ನು ಬಂಡಿದಾರಿಯ ಕೊನೆ ಏರು. ಏರು ಹತ್ತಿಸಲು ಎಲ್ಲರೂ ಬಾಲ ತಿರುವಿ ಎತ್ತು ಓಡಿಸುವವರೇ. ಓಡುವ ಎತ್ತು ಡಾಂಬರಿನ ಮೇಲೆ ಬಂದೇ ನಿಲ್ಲುವುದು. ತಿರುಗಿ ನೋಡಲು ಅವನಿಗೆ ಜಾಗವಾದರೂ ಎಲ್ಲಿತ್ತು?

ಅವನ ಕಣ್ಣು ಕೊನೆಯದಾಗಿ ಕಂಡದ್ದು ಇಂಥದೇ ಎರಡು ಬಾಲ, ಇದೇ ಒಂದು ಗೇಣು ಮಣ್ಣು. ಬಂಡೆಮ್ಮ ಕೊಪ್ಪೆಯೊಳಗೇ ಅತ್ತಳು. ಹೊರಗೆ ನಿಂತ ಗಂಡಸರು ಬೇರೆ ಕಡೆ ನೋಡಿದರು.

ಆಮೇಲೆ ಕಂಬಳಿ ಸರಿಸಿ ಹೇಳಿದಳು: "ಮೇಸ್ತ್ರಿ, ತಾಯಪ್ಪ ಕೊಪ್ಪಿ ಹಾಕಿರಲಿಲ್ಲ. ಬಿಸಿಲಿತ್ತು. ಅಂವ ತಿರುಗಿ ನೋಡಿರ್ತಾನ."

ಮೇಸ್ತ್ರಿ ಕೊಡೆಯ ತುದಿಯಿಂದ ನೆಲ ಕೆದರಿದ.

"ಅಂವ ನೋಡಿರ್ತಾನ. ನನ್ನ ಬೇಲಿ ಕಂಡಿರ್ತದ" ಅಂದಳು ಬಂಡೆಮ್ಮ.

"ನಿನಗ ಗೊತ್ತಿರಲಿಲ್ಲಕ್ಕಾ."

"ಗೊತ್ತಿರಲಿಲ್ಲ" ಅಂದಳು. "ನಾ ಕುರಿ ಬರಬಾರದಂತ ಹಚ್ಚಿದ್ದೆ."

ಇಷ್ಟು ದಿನ ಯಾವ ಮಾತಿಗಾಗಿ ಅವಳು ಕಾದಿದ್ದಳೋ ಆ ಮಾತು ಸಿಕ್ಕಿತ್ತು. ಅವಳ ಗಂಡ ದೆವ್ವ ಅಲ್ಲ. ಅದನ್ನು ದುರುಗಮ್ಮನಿಗೆ ಹೇಳಬೇಕಾದರೆ ಉಳಿದ ಅರ್ಧವನ್ನೂ ಹೇಳಬೇಕಾಗಿತ್ತು.

ದುರುಗಮ್ಮ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಬಂಡೆಮ್ಮ ಹೋಗಿ ನಿಂತಳು. ದುರುಗಮ್ಮ ತಲೆ ಎತ್ತಲಿಲ್ಲ. ಮೊರ ನಿಲ್ಲಲಿಲ್ಲ.

"ದುರುಗವ್ವಾ, ನಿನ್ನ ಮಗನ್ನ ನನ್ನ ಗಂಡ ಒಯ್ದಿಲ್ಲ. ಮೇಸ್ತ್ರಿ ತೋರಿಸಿದ. ನಾ ಬಂಡಿ ಮ್ಯಾಲ ಕುಂತು ನೋಡಿದೆ. ಲಾರಿ ಕಾಣಂಗಿಲ್ಲ. ಬೇಲಿ ಮರಿ ಆಗ್ತದ. ಆ ಬೇಲಿ ನಾ ಹಚ್ಚಿದ್ದು."

ಮೊರ ನಿಂತಿತು.

"ಯಾಕ ಹೇಳಾಕ ಬಂದಿ ಬೇ?" ಅಂದಳು ದುರುಗಮ್ಮ. ಒಂದು ವರ್ಷದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು. "ದೆವ್ವ ಅಂತ ಇದ್ದೆ. ದಿನಾ ಮುಂಜಾನೆದ್ದು ಆ ದೆವ್ವನ್ನ ಬೈಕೋತ ಇದ್ದೆ. ಬೈದ್ರ ಒಂದು ತುತ್ತು ಒಳಗ ಹೋಗ್ತಿತ್ತು. ಈಗ ಯಾರನ್ನ ಬೈಲಿ?"

"ನನ್ನ ಬೈ."

ದುರುಗಮ್ಮ ಬೈಯಲಿಲ್ಲ. ಮೊರದಲ್ಲಿನ ಜೋಳ ಚೀಲಕ್ಕೆ ಸುರಿದು ಒಳಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿದಳು. ಬೈದಿದ್ದರೆ ಬಂಡೆಮ್ಮನಿಗೂ ಅವತ್ತು ಒಂದು ತುತ್ತು ಒಳಗೆ ಹೋಗುತ್ತಿತ್ತೇನೋ.

ಮನೆಯಲ್ಲಿ ಆದೆಮ್ಮ ಸುಮ್ಮನಿರಲಿಲ್ಲ. ಅವಳಿಗೀಗ ಹದಿಮೂರು. ದಿನಾ ಬಸ್ಸು ಹತ್ತಿ ಗಬ್ಬೂರಿಗೆ ಶಾಲೆಗೆ ಹೋಗುವವಳು, ಅದೇ ಕಟ್ಟೆಯ ನೆರಳಲ್ಲಿ ಬಸ್ಸಿಗೆ ಕಾಯುವವಳು. "ಗಿಡ ಕಡೀತೀಯೇನು ಯವ್ವಾ? ನಾಲ್ಕು ವರ್ಷ ನಾ ನೀರು ಹಾಕೀನಿ. ಯಪ್ಪನ್ನ ಲಾರಿ ಒಂದು ಸಲ ಕೊಂದಿತು. ನೀ ಎರಡನೇ ಸಲ ಕೊಲ್ಲಾಕತ್ತಿ."

ಬಂಡೆಮ್ಮ ಮಗಳನ್ನು ಹತ್ತಿರ ಕರೆದಳು. ಬರಲಿಲ್ಲ. ದೂರದಿಂದಲೇ ಹೇಳಬೇಕಾಯಿತು. "ನಾಳಿ ನೀ ಆ ಗಿಡದ ಮರಿಯಿಂದ ರಸ್ತಿಗೆ ಕಾಲಿಡ್ತಿ. ನನಗ ಒಂದು ಕಟ್ಟಿ ಸಾಕವ್ವಾ. ಎರಡು ಕಟ್ಟೋ ಶಕ್ತಿ ಇಲ್ಲ."

ಬೆಳಗ್ಗೆ ಬಂಡೆಮ್ಮ ಮೇಸ್ತ್ರಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ಗ್ಯಾಂಗಿನವರು ಕೊಡಲಿ ತಂದಿದ್ದರು. ಅವಳು ಮೊದಲ ಏಟು ತಾನೇ ಹಾಕುತ್ತೇನೆ ಅಂದಳು. ಜಾಲಿಯ ಮುಳ್ಳು ಕೈ ಗೀರಿತು, ಸೆರಗಿಗೆ ಸಿಕ್ಕಿತು. ಸಾಬಣ್ಣ ಒಂದು ಮಾತೂ ಆಡದೆ ಪಕ್ಕಕ್ಕೆ ಬಂದು ಬುಡ ಕಡಿಯತೊಡಗಿದ.

ಅರ್ಧ ಬೇಲಿ ಬಿದ್ದಾಗ ಹಿಂದೆ ಯಾರೋ ಬಂದು ನಿಂತ ಹಾಗಾಯಿತು. ದುರುಗಮ್ಮ. ಕೈಯಲ್ಲಿ ಕುಡಗೋಲು. ಯಾರನ್ನೂ ನೋಡದೆ ಬೇಲಿಯ ಇನ್ನೊಂದು ತುದಿಗೆ ಹೋಗಿ ಕೂತು ಟೊಂಗೆ ಕೊಯ್ಯಲು ಹತ್ತಿದಳು. ಒಬ್ಬಳು ಈ ತುದಿ, ಒಬ್ಬಳು ಆ ತುದಿ. ನಡುವಿನ ಜಾಲಿ ಸವೆಯುತ್ತ ಬಂತು. ಹೊತ್ತು ನೆತ್ತಿಗೇರುವಷ್ಟರಲ್ಲಿ ಇಬ್ಬರ ನಡುವೆ ಏನೂ ಉಳಿಯಲಿಲ್ಲ.

ಬೇವಿನ ಗಿಡ ಬಿದ್ದಾಗ ಆದೆಮ್ಮ ದೊಡ್ಡಿಯ ಕಡೆ ಮುಖ ಮಾಡಿ ನಿಂತಿದ್ದಳು.

ಮೂಲೆ ಬಯಲಾಯಿತು. ಮೇಸ್ತ್ರಿ ಎಲ್ಲರನ್ನೂ ಬಂಡಿದಾರಿಯ ಮೇಲೆ ನಿಲ್ಲಿಸಿ, "ಈಗ ನೋಡ್ರಿ" ಅಂದ. ರಸ್ತೆ ಕಂಡಿತು. ಬಿಸಿಲಿಗೆ ಹೊಳೆಯುತ್ತ, ಗಬ್ಬೂರು ಏರಿನ ತನಕ, ಒಂದರ ಹಿಂದೆ ಒಂದು ಒಂಬತ್ತು ಕಂಬ. ಏರಿನ ಮೇಲೆ ಬರುತ್ತಿದ್ದ ಬಸ್ಸು ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಕಂಡಿತು.

ದುರುಗಮ್ಮ ಕಂಬಗಳನ್ನು ನೋಡಿದಳು. ಮತ್ತೆ ಮತ್ತೆ ನೋಡಿದಳು.

"ಇಷ್ಟು ದೂರ ಕಾಣ್ತಿತ್ತೇನು?" ಅಂದಳು.

ಬಂಡೆಮ್ಮ ಕೈಯಲ್ಲಿನ ಕೊಡಲಿ ಕೆಳಗಿಟ್ಟಳು.

ಮುಂದಿನ ಎರಡು ತಿಂಗಳು ಗ್ಯಾಂಗು ಅಲ್ಲೇ ಇತ್ತು. ಬಂಡಿದಾರಿಯ ಕೊನೆಯ ತುಂಡನ್ನು ತಿರುವಿ ಡಾಂಬರಿಗೆ ನೆಟ್ಟಗೆ ಸೇರಿಸಿದರು. ಡಾಂಬರಿನ ಮೇಲೆ ದಾಟಬೇಕಾದದ್ದು ಈಗ ಮೊದಲಿನ ಹಾಗೆ ಹದಿನಾಲ್ಕು ಹೆಜ್ಜೆ ಅಲ್ಲ, ಐದೇ ಹೆಜ್ಜೆ. ಕೊನೆಯ ಏರನ್ನು ಹಿಂದಕ್ಕೆ ಸರಿಸಿ, ಡಾಂಬರಿನ ಅಂಚಿಗೆ ಒಂದು ಬಂಡಿ, ಎರಡು ಎತ್ತು ನಿಲ್ಲುವಷ್ಟು ಉದ್ದ ನೆಲ ಸಮ ಮಾಡಿದರು. ಎತ್ತು ಏರು ಹತ್ತಿ ಅಲ್ಲಿ ಉಸಿರು ಬಿಡಬಹುದು, ಬಂಡಿ ಹೊಡೆಯುವವನು ನೋಡಬಹುದು. ಅದರ ಎರಡೂ ಬದಿಗೆ ಮೊಣಕಾಲಿಗಿಂತ ಗಿಡ್ಡ ಕಲ್ಲು ಹುಗಿದು ಸುಣ್ಣ ಬಳಿದರು.

"ಇಷ್ಟು ಗಿಡ್ಡ ಕಲ್ಲು ಯಾಕ್ರಿ ಮೇಸ್ತ್ರಿ, ಸುಣ್ಣ ಕಡಿಮಿ ಬಿತ್ತೇನು?" ಅಂದ ಸಾಬಣ್ಣ. ಅವನಿಗೆ ಮತ್ತೆ ಬಾಯಿ ಬಂದಿತ್ತು.

"ಎತ್ತರ ಹಾಕಿದ್ರ ಅದು ಮತ್ತೊಂದು ಬೇಲಿ ಆಗ್ತದಪ್ಪ. ದಾರಿ ತೋರಸಬೇಕು, ದಾರಿ ಮುಚ್ಚಬಾರದು."

ರಾಯಚೂರು ಶಹರದ ಸರ್ಕಲ್ಲಿನ ಸುದ್ದಿಯನ್ನೂ ಮೇಸ್ತ್ರಿ ಹೇಳಿದ. "ಅಲ್ಲಿ ನಟ್ಟನಡುವೆ ದುಂಡಗೆ ಕಟ್ಟಿ ಕಟ್ಟ್ಯಾರ. ಅದು ಅಂದಕ್ಕಲ್ಲ. ನೆಟ್ಟಗ ಜೋರಿಂದ ಬಂದವ ಸುತ್ತು ಹಾಕಬೇಕು, ಸುತ್ತು ಹಾಕಬೇಕಂದ್ರ ನಿಧಾನ ಆಗಬೇಕು. ನೂರು ಗಾಡಿ ಇರೋ ಕಡಿ ಅದು ಬೇಕು. ನಿಮ್ಮ ದೊಡ್ಡಿಗೆ ಅದು ಬ್ಯಾಡ. ನಿಮಗ ಬೇಕಾದದ್ದು ಬಯಲು ಮೂಲಿ, ನೆಟ್ಟಗಿನ ದಾರಿ, ನಿಲ್ಲಾಕ ಸಮ ನೆಲ."

ಬಸ್ಸು ನಿಲ್ಲುವ ಜಾಗವನ್ನೂ ಮೂಲೆಯಿಂದ ಎಬ್ಬಿಸಿದರು. ಬಸ್ಸು ಮೂಲೆಯಲ್ಲಿ ನಿಂತರೆ ಬಸ್ಸೇ ಗೋಡೆಯಾಗುತ್ತದೆ, ಅದರ ಹಿಂದಿನಿಂದ ಬರುವುದು ಕಾಣುವುದಿಲ್ಲ. ಕೂಡುದಾರಿ ದಾಟಿ ಅರವತ್ತು ಹೆಜ್ಜೆ ಆಚೆ, ರಸ್ತೆಯಿಂದ ಒಳಕ್ಕೆ, ಹೊಸ ಜಾಗ. ಹನುಮಂತ್ರಾಯನ ಕಟ್ಟೆಯ ಕಲ್ಲುಗಳನ್ನು ಬಂಡೆಮ್ಮ ಅಲ್ಲಿಗೆ ಹೊತ್ತಳು. ನಾಲ್ಕು ವರ್ಷದ ಹಿಂದೆ ಹೊತ್ತ ಅವೇ ಕಲ್ಲು. ಅವೀಗ ಬಸ್ಸಿಗೆ ಕಾಯುವವರು ಕೂರುವ ಕಟ್ಟೆಯಾದವು. ಅದರ ಹಿಂದೆ ಹೊಸ ಬೇವಿನ ಸಸಿ. ಆದೆಮ್ಮ ಅದಕ್ಕೂ ನೀರು ಹಾಕುತ್ತಾಳೆ. ಆದರೆ "ಯಪ್ಪಾ, ನೀರು ಕುಡಿ" ಅನ್ನುವುದಿಲ್ಲ.

ಆ ವರ್ಷ ಶ್ರಾವಣದಲ್ಲಿ ಮತ್ತೆ ಜಿಟಿಜಿಟಿ ಮಳೆ ಹಿಡಿಯಿತು. ಹೊತ್ತು ಇಳಿಯುವ ಮುಂದೆ ಬಂಡೆಮ್ಮ ಗೋಣಿ ಹೊದ್ದುಕೊಂಡು ಆ ಕಲ್ಲಿನ ಮೇಲೆ ಮಗಳ ಬಸ್ಸಿಗೆ ಕಾಯುತ್ತಿದ್ದಳು. ಅದೇ ಕಲ್ಲಿನ ಇನ್ನೊಂದು ತುದಿಗೆ ದುರುಗಮ್ಮ. ದೇವದುರ್ಗದ ಸಂತೆಗೆ ಹೋದ ಸೊಸೆ ಬರಬೇಕಿತ್ತು. ಇಬ್ಬರ ನಡುವೆ ಮೂರು ಮಂದಿ ಕೂರುವಷ್ಟು ಜಾಗ ಖಾಲಿ ಇತ್ತು.

ಬಂಡಿದಾರಿಯಲ್ಲಿ ಒಂದು ಬಂಡಿ ಏರು ಹತ್ತಿತು. ಕಂಬಳಿ ಕೊಪ್ಪೆ ಹಾಕಿದ ಸಾಬಣ್ಣ. ಎತ್ತು ಓಡಿಕೊಂಡೇ ಬಂದವು. ಬಂಡೆಮ್ಮ ಕಲ್ಲಿನ ಅಂಚು ಹಿಡಿದಳು. ಸಮನೆಲಕ್ಕೆ ಬಂದ ಕೂಡಲೆ ಎತ್ತು ತಾವಾಗಿಯೇ ನಿಧಾನವಾದವು, ಬಿಳಿ ಕಲ್ಲಿನ ಹತ್ತಿರ ನಿಂತವು. ಸಾಬಣ್ಣ ಕೊಪ್ಪೆಯನ್ನು ಹಿಂದಕ್ಕೆ ತಳ್ಳಿದ. ತಲೆಯ ಮೇಲೆ ಮಳೆ ಬಿತ್ತು. ಬಲಕ್ಕೆ ನೋಡಿದ, ಎಡಕ್ಕೆ ನೋಡಿದ. ಮತ್ತೆ ಬಲಕ್ಕೆ ನೋಡಿದವನು ಹಗ್ಗ ಬಿಗಿ ಹಿಡಿದ.

ಹತ್ತಿ ಲಾರಿಯೊಂದು ನೀರು ಚಿಮ್ಮಿಸುತ್ತ ಎತ್ತಿನ ಮೂಗಿನ ಮುಂದೆ ಹಾದುಹೋಯಿತು.

ಆಮೇಲೆ ಬಂಡಿ ದಾಟಿತು. ಬಂಡೆಮ್ಮನ ಬೆರಳು ತಾವಾಗಿಯೇ ಮಡಚಿಕೊಂಡವು. ಒಂಬತ್ತಕ್ಕೆ ಹಿಂದಿನ ಗಾಲಿ ಆಚೆ.

"ನೋಡಿದೇನು?" ಅಂದಳು ದುರುಗಮ್ಮ.

"ನೋಡಿದೆ."

"ನನ್ನ ತಾಯಪ್ಪನೂ ಹಿಂಗ ದಾಟ್ತಿದ್ದ ಬೇ." ದುರುಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಒಂದು ವರ್ಷ ಮೊದಲ ಬರಬಾರದಿತ್ತೇನು ಆ ಮೇಸ್ತ್ರಿ?"

ಬಂಡೆಮ್ಮ ಗೋಣಿಯನ್ನು ಬಿಚ್ಚಿ ಅದರ ಒಂದು ಅಂಚನ್ನು ದುರುಗಮ್ಮನ ಕಡೆಗೆ ಚಾಚಿದಳು. ದುರುಗಮ್ಮ ಒಂದಿಷ್ಟು ಹೊತ್ತು ಅದನ್ನು ನೋಡಿದಳು. ಆಮೇಲೆ ಸರಿದು ಬಂದು ಅದರಡಿ ಕೂತಳು.

ಓದುವ ಅಕ್ಕಂದಿರೇ, ಕೇಳುವ ಅಣ್ಣಂದಿರೇ, ನಿಮ್ಮೂರಿನ ಮುಂದೆಯೂ ಒಂದು ಕೂಡುದಾರಿ ಇದೆ. ಅಲ್ಲಿಯೂ ಯಾರೋ ಕೂತಿದ್ದಾರೆ ಅಂತ ಜನ ಹೇಳುತ್ತಿರಬಹುದು. ನಿಂಬೆಹಣ್ಣು ಕೊಯ್ಯುವ ಮೊದಲು ಒಂದು ಕೆಲಸ ಮಾಡಿ. ಒಬ್ಬರು ಬಂಡಿಯ ಮೇಲೆ ಕೂರಿ, ಇನ್ನೊಬ್ಬರು ಕೆಂಪು ಬಟ್ಟೆ ಹಿಡಿದು ದೊಡ್ಡ ರಸ್ತೆಯ ದಂಡೆಯಲ್ಲಿ ದೂರದಿಂದ ನಡೆದು ಬನ್ನಿ. ಎಷ್ಟು ಕಂಬದ ದೂರಕ್ಕೆ ಕಂಡಿತು ನೋಡಿ. ಲಾರಿ ಅಷ್ಟು ಕಂಬ ಬರುವುದರೊಳಗೆ ನಿಮ್ಮ ಬಂಡಿ ದಾಟಿ ಮುಗಿಯುತ್ತದೆಯೇ, ಬೆರಳು ಮಡಚಿ ಎಣಿಸಿ. ಮುಗಿಯದಿದ್ದರೆ ಆ ಮೂಲೆ ಕುರುಡು. ಅಲ್ಲಿ ಮರೆಯಾಗಿ ನಿಂತದ್ದು ಬೇಲಿಯೋ, ಬಣವೆಯೋ, ಗೂಡಂಗಡಿಯೋ, ಪ್ರೀತಿಯ ಕಟ್ಟೆಯೋ, ಅದನ್ನು ಹಿಂದಕ್ಕೆ ಸರಿಸಿ. ದಾರಿ ಓರೆ ಬಂದಿದ್ದರೆ, ಏರು ಡಾಂಬರಿಗೇ ತಾಗಿದ್ದರೆ, ಹತ್ತು ಜನ ಕೂಡಿ ಅರ್ಜಿ ಬರೆದು ರಸ್ತೆಯವರನ್ನು ಕರೆಸಿ. ಎರಡು ಗುಂಟೆ ಕೇಳಿದರೆ ಇಲ್ಲ ಅನ್ನಬೇಡಿ. ಮಳೆಯಲ್ಲಿ ಹೊರಟ ಗಂಡನಿಗೆ, ಮಗನಿಗೆ ಹೇಳಿ: ದಾಟುವ ಮುಂದೆ ಕೊಪ್ಪೆ ತೆಗೆ, ತಲೆ ನೆನೆದರೆ ನೆನೆಯಲಿ.

ಅಜ್ಜಿಯ ಕಥೆಯಲ್ಲಿ ಕೂಡುದಾರಿಗೆ ಬಂದವರು ನಿಲ್ಲುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಹೇಳಿ ದಾಟುತ್ತಿದ್ದರು. ನೀವೂ ನಿಲ್ಲಿ. ಕೇಳುವುದು ಎರಡೇ ಮಾತು: ಬಲಕ್ಕೆ ಏನು ಬರುತ್ತಿದೆ? ಎಡಕ್ಕೆ ಏನು ಬರುತ್ತಿದೆ? ಆ ಉತ್ತರ ಕಾಣುವ ಹಾಗೆ ಮೂಲೆಯನ್ನು ಬಯಲು ಬಿಡಿ. ಕಥೆಯಲ್ಲಿ ಯಾರು ಬೇಕಾದರೂ ಕೂರಲಿ. ನಿಮ್ಮೂರ ದಾರಿಯ ಮೂಲೆಯಲ್ಲಿ ಯಾರೂ ಕೂರುವುದು ಬೇಡ.